ಮುಟ್ಟಬಹುದೇನ್ರಿ ಸರ್?



ಹಾಸ್ಟೆಲಿನ ಹುಡುಗರನ್ನು ಕಟ್ಟಿಕೊಂಡು ಒಮ್ಮೆ ಒಂದು ವಿಜ್ಞಾನ ಕೇಂದ್ರಕ್ಕೆ ಹೋಗಿದ್ದೆವು. ಒಳಗೆ ಒಂದು ಮೇಜಿನ ಮೇಲೆ ಹಿಡಿಕೆ ಇರುವ ಒಂದು ಯಂತ್ರ, ಅದಕ್ಕೆ ಜೋಡಿಸಿದ ಒಂದು ಬಲ್ಬು. ಹಿಡಿಕೆ ತಿರುವಿದರೆ ಬಲ್ಬು ಹತ್ತುತ್ತದೆ. ನಮ್ಮ ಶಿರೋಳದ ಕಡೆಯ ಹುಡುಗನೊಬ್ಬ, ಎಂಟನೇ ಇಯತ್ತೆಯವನು, ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಅವನ ಎರಡೂ ಕೈ ಬೆನ್ನ ಹಿಂದೆ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಮುಟ್ಟಬಹುದೇನ್ರಿ ಸರ್?"

"ಮುಟ್ಟಾಕಂತನ ಇಟ್ಟಾರೊ ತಮ್ಮಾ, ತಿರುವು" ಅಂದೆ.

ಒಂದು ಸುತ್ತು ತಿರುವಿದ. ಬಲ್ಬು ಮಿಣುಕ್ ಅಂತು. ತಕ್ಷಣ ಕೈ ಬಿಟ್ಟು ಸುತ್ತ ನೋಡಿದ. ಬಲ್ಬು ನೋಡಲಿಲ್ಲ, ಯಾರಾದರೂ ಬೈಯುತ್ತಾರೇನೋ ಅಂತ ನೋಡಿದ. ಆ ಹುಡುಗ ಸುತ್ತ ನೋಡಿದನಲ್ಲ, ಅದರ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ಅವನನ್ನು ಯಾರೂ ತಡೆದಿರಲಿಲ್ಲ. ಅವನ ಕೈಗೆ ಅದು ರೂಢಿಯಾಗಿತ್ತು, ಅಷ್ಟೆ. ಶಾಲೆಯಲ್ಲಿ ಅವನಿಗೆ ಮೊದಲು ಕಲಿಸಿದ್ದು ಅ ಆ ಇ ಈ ಅಲ್ಲ, 'ಕೈಕಟ್ಟು, ಬಾಯಿಮುಚ್ಚು'. ಈ ಮಾತನ್ನು ಎಲ್ಲ ಜಾತಿಯ ಮಕ್ಕಳಿಗೂ ಹೇಳುತ್ತಾರೆ, ಖರೆ. ಆದರೆ ಬೇರೆ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಕೈ ಬಿಚ್ಚುತ್ತದೆ. ನಮ್ಮ ಮಕ್ಕಳಿಗೆ ಬಿಚ್ಚುವುದಿಲ್ಲ. ಹೋಟೆಲಿನ ಕಪ್ಪು, ಬಾವಿಯ ಹಗ್ಗ, ಗುಡಿಯ ಹೊಸ್ತಿಲು, ಚಾವಡಿಯ ಕಟ್ಟೆ – ಎಲ್ಲದಕ್ಕೂ ಅವನ ಅವ್ವ, ಅಜ್ಜ, ಮುತ್ತಜ್ಜ ಕೇಳಿದ ಮಾತು ಒಂದೇ: ಮುಟ್ಟಬ್ಯಾಡ. ಈ ವ್ಯವಸ್ಥೆ ನಮಗೆ ಇಟ್ಟ ಹೆಸರೇ ಮುಟ್ಟಬಾರದವರು ಅಂತ. ಸಂವಿಧಾನದ 17ನೇ ಕಲಂ 1950ರಲ್ಲಿ ಆ ಹೆಸರನ್ನು ಅಳಿಸಿತು. ಅಳಿಸಿದ್ದು ಕಾನೂನಿನ ಪುಸ್ತಕದಿಂದ. ಹುಡುಗನ ಕೈಯಿಂದ ಅಳಿಸುವ ಕೆಲಸ ಇನ್ನೂ ಬಾಕಿ ಇದೆ.

ಬಾಬಾಸಾಹೇಬರ ಬಾಲ್ಯದ ಒಂದು ಸಂಗತಿ ನಿಮಗೆ ಗೊತ್ತಿರಬೇಕು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಬರುತ್ತದೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರರು ಭೀಮನನ್ನು ಲೆಕ್ಕ ಬಿಡಿಸಲು ಹಲಗೆಯ ಹತ್ತಿರ ಕರೆದರು. ತರಗತಿಯಲ್ಲಿ ಗದ್ದಲವೋ ಗದ್ದಲ. ಯಾಕೆಂದರೆ ಸವರ್ಣ ಹುಡುಗರ ಊಟದ ಡಬ್ಬಿಗಳು ಆ ಕರಿಹಲಗೆಯ ಹಿಂದೆ ಇದ್ದವು. ಹುಡುಗರು ಓಡಿ ಹೋಗಿ ಡಬ್ಬಿ ಎತ್ತಿಟ್ಟುಕೊಂಡ ಮೇಲೆಯೇ ಭೀಮ ಹಲಗೆ ಮುಟ್ಟಬೇಕಾಯಿತು. ಅಂದರೆ ಲೆಕ್ಕ ಅವನ ತಲೆಯಲ್ಲಿತ್ತು, ಸೀಮೆಸುಣ್ಣ ಅವನ ಕೈಯಲ್ಲಿತ್ತು, ಆದರೂ ಹಲಗೆಗೂ ಅವನಿಗೂ ನಡುವೆ ಯಾರದೋ ರೊಟ್ಟಿ ಡಬ್ಬಿ ಅಡ್ಡ ಇತ್ತು. ಸಾತಾರೆಯ ಶಾಲೆಯಲ್ಲಿ ಅವರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂಡಬೇಕಾಗಿತ್ತು, ಜವಾನ ಬಂದು ನೀರು ಹಾಕದಿದ್ದರೆ ನೀರಿಲ್ಲ. ಇದನ್ನು ಅವರೇ ಬರೆದಿದ್ದಾರೆ.

ಆ ಬಾಬಾಸಾಹೇಬರು ನಮ್ಮ ಧಾರವಾಡಕ್ಕೆ ಏನು ಕೊಟ್ಟರು? ಒಂದು ಹಾಸ್ಟೆಲು ಕೊಟ್ಟರು. 1920ರ ದಶಕದ ಕೊನೆಗೆ, ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ, ನಮ್ಮ ಹುಡುಗರು ಪ್ಯಾಟಿಯಲ್ಲಿ ಉಳಿದು ಓದಲಿ ಅಂತ ಅಲ್ಲಿ ವಸತಿ ನಿಲಯ ಶುರು ಮಾಡಿಸಿದರು. ಬುದ್ಧರಕ್ಕಿತ ಹಾಸ್ಟೆಲು ಅಂದರೆ ಧಾರವಾಡದ ಹಳಬರಿಗೆ ಗೊತ್ತು. ಗುಡಿ ಕಟ್ಟಿಸಲಿಲ್ಲ, ಛತ್ರ ಕಟ್ಟಿಸಲಿಲ್ಲ. ಓದುವ ಹುಡುಗನಿಗೆ ಮೊದಲು ಬೇಕಾದದ್ದು ಮಲಗಲು ಜಾಗ, ಹೊಟ್ಟೆಗೆ ಅನ್ನ ಅಂತ ಅವರಿಗೆ ಗೊತ್ತಿತ್ತು. ಅದೇ ಧಾರವಾಡದಲ್ಲಿ 2012ರಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ತೆರೆಯಿತು. ಹಾಸ್ಟೆಲಿನಿಂದ ವಿಜ್ಞಾನ ಕೇಂದ್ರಕ್ಕೆ ಬರಲು ಧಾರವಾಡಕ್ಕೆ ಎಂಬತ್ತು ವರ್ಷದ ಮೇಲೆ ಹಿಡಿಯಿತು. ಶಿರೋಳದ ಕೇರಿಯಿಂದ ಅಲ್ಲಿಗೆ ಹೋಗಲು ಎಷ್ಟು ಹಿಡಿಯುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಇಂಥ ಕೇಂದ್ರ ಅಂದರೆ ಏನು ಅಂತ ಕೆಲವರಿಗೆ ಗೊತ್ತಿಲ್ಲದೆ ಇರಬಹುದು. ಮ್ಯೂಸಿಯಂ ಅಂದ ಕೂಡಲೇ ನಮಗೆ ನೆನಪಾಗುವುದು ಗಾಜಿನ ಪೆಟ್ಟಿಗೆ, ಒಳಗೆ ರಾಜನ ಕತ್ತಿ, ರಾಣಿಯ ಬಳೆ, ಹೊರಗೆ 'ಮುಟ್ಟಬಾರದು' ಅನ್ನುವ ಬೋರ್ಡು. ರಾಜರ ವಸ್ತು ನೋಡಲು ನಾವು ಟಿಕೀಟು ಬೇರೆ ತೆಗೆಯಬೇಕು! ವಿಜ್ಞಾನ ಕೇಂದ್ರ ಇದಕ್ಕೆ ಉಲ್ಟಾ. ಇಲ್ಲಿ ವಸ್ತು ಇಟ್ಟಿರುವುದೇ ಮುಟ್ಟಲಿಕ್ಕೆ. ಎಳೆ, ತಿರುಗಿಸು, ಒತ್ತು, ಹತ್ತಿ ಕೂಡು. ಮುಟ್ಟದಿದ್ದರೆ ಅದು ಸುಮ್ಮನೆ ಬಿದ್ದ ಕಬ್ಬಿಣ. ಜರ್ಮನಿಯ ಮ್ಯೂನಿಕ್ಕಿನಲ್ಲಿ ಓಸ್ಕರ್ ಫಾನ್ ಮಿಲ್ಲರ್ ಅನ್ನುವ ವಿದ್ಯುತ್ ಎಂಜಿನಿಯರ್ 1903ರಲ್ಲಿ ಶುರು ಮಾಡಿದ ಮ್ಯೂಸಿಯಮ್ಮಿನಲ್ಲಿ ಜನರೇ ಹಿಡಿಕೆ ತಿರುಗಿಸಿ ಯಂತ್ರ ನಡೆಸುವ ಏರ್ಪಾಡಿತ್ತು. ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1969ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಕಟ್ಟಿದವರು ಫ್ರಾಂಕ್ ಓಪನ್‌ಹೈಮರ್. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರನ ತಮ್ಮ. ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದ ಅನ್ನುವ ಕಾರಣಕ್ಕೆ 1949ರಲ್ಲಿ ಅವನ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಹಳ್ಳಿಯಲ್ಲಿ ದನ ಸಾಕಿ ಬದುಕಿದ. ಆಮೇಲೆ ಸಣ್ಣ ಊರಿನ ಹೈಸ್ಕೂಲಿನಲ್ಲಿ ಮಾಸ್ತರನಾದ. ಅಧಿಕಾರ ಹೊರಗೆ ಹಾಕಿದ ಮನುಷ್ಯನೇ ಎಲ್ಲರನ್ನೂ ಒಳಗೆ ಕರೆಯುವ ಮ್ಯೂಸಿಯಂ ಕಟ್ಟಿದ ಅನ್ನುವುದನ್ನು ನಮ್ಮ ಹುಡುಗರು ನೆನಪಿಡಬೇಕು.

ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ. 1962ರ ಜುಲೈನಲ್ಲಿ ನೆಹರೂ ಅದರ ಕಟ್ಟಡ ಉದ್ಘಾಟಿಸಿದರು, 1965ರಲ್ಲಿ ವಿದ್ಯುತ್ತಿನ ಗ್ಯಾಲರಿ ಜನರಿಗೆ ತೆರೆಯಿತು. ಗುಲ್ಬರ್ಗದಲ್ಲಿ 1984ರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಂತು. ಆಮೇಲೆ ಧಾರವಾಡ, ಮಂಗಳೂರಿನ ಪಿಲಿಕುಳ. ಇಷ್ಟು ಇತಿಹಾಸ ಸಾಕು.

ಒಳಗೆ ಹುಡುಗನ ಕೈಗೆ ಏನಾಗುತ್ತದೆ ಅನ್ನುವುದೇ ಮುಖ್ಯ. ಆ ಹಿಡಿಕೆಯ ಯಂತ್ರವನ್ನೇ ನೋಡಿ. ಒಳಗೆ ಒಂದು ಅಯಸ್ಕಾಂತ, ಸುತ್ತ ತಾಮ್ರದ ತಂತಿಯ ಸುರುಳಿ. ಒಂದರ ಎದುರು ಇನ್ನೊಂದು ತಿರುಗಿದರೆ ತಂತಿಯಲ್ಲಿ ಕರೆಂಟು ಹರಿಯುತ್ತದೆ. ಇದು ಶಾಲೆಯ ಪುಸ್ತಕದಲ್ಲೂ ಇದೆ, ಬಾಯಿಪಾಠ ಮಾಡಿ ಬರೆದರೆ ಎರಡು ಮಾರ್ಕು. ಆದರೆ ಪುಸ್ತಕ ಮುಟ್ಟಿಸದ ಒಂದು ಸಂಗತಿ ಕೈಗೆ ತಾಕುತ್ತದೆ. ಬಲ್ಬು ಜೋಡಿಸದೆ ತಿರುವಿದರೆ ಹಿಡಿಕೆ ಹಗುರ. ಬಲ್ಬು ಜೋಡಿಸಿದ ಕೂಡಲೇ ಭಾರ. ಎರಡು ಬಲ್ಬು ಜೋಡಿಸಿದರೆ ಇನ್ನೂ ಭಾರ. ಅದೇ ಹುಡುಗ ಎರಡನೇ ಸಲ ಧೈರ್ಯ ಮಾಡಿ ತಿರುವಿ, "ಇದ್ಯಾಕ್ರಿ ಬಿಗಿ ಆತು?" ಅಂದ. ಬೆಳಕು ಪುಕ್ಕಟೆ ಬರುವುದಿಲ್ಲ, ಯಾರದೋ ತೋಳು ಅದಕ್ಕೆ ದುಡಿಯಬೇಕು ಅಂತ ಅವನ ರಟ್ಟೆಗೆ ತಿಳಿಯಿತು. ಗದಗ ಸೀಮೆಯ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ್ದ. ಅವುಗಳ ತಲೆಯ ಮೇಲೆ ಇರುವುದೂ ಇದೇ ಯಂತ್ರ, ಅಲ್ಲಿ ತೋಳಿನ ಬದಲು ಗಾಳಿ ಅಂತ ಹೇಳಿದೆ. ಆಗ ಅವನ ಮುಖ ನೋಡಬೇಕಾಗಿತ್ತು ನೀವು.

ಇನ್ನೊಂದು ಗಡಗಡಿ. ಹಗ್ಗ ಹಾಕಿದ ಗಾಲಿ, ಬಾವಿಯ ಮೇಲೆ ಇರುತ್ತದಲ್ಲ, ಅದೇ. ಮೇಲೆ ಕಟ್ಟಿದ ಒಂದೇ ಗಡಗಡಿ ಆದರೆ ಭಾರ ಕಡಿಮೆ ಆಗುವುದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ. ಭಾರಕ್ಕೇ ಕಟ್ಟಿ ಅದರ ಜೊತೆ ಮೇಲೇಳುವ ಇನ್ನೊಂದು ಗಡಗಡಿ ಸೇರಿಸಿದರೆ 60 ಕಿಲೋ ಭಾರಕ್ಕೆ 30 ಕಿಲೋದಷ್ಟು ಎಳೆದರೆ ಸಾಕು. ಆದರೆ ಒಂದು ಮೀಟರು ಮೇಲೆತ್ತಲು ಎರಡು ಮೀಟರು ಹಗ್ಗ ಎಳೆಯಬೇಕು. ಇದನ್ನು ಯಾವ ಮಗುವೂ ಐದು ನಿಮಿಷದಲ್ಲಿ ಕಲಿಯುತ್ತದೆ, ಹಗ್ಗ ಕೈಗೆ ಕೊಟ್ಟರೆ. ನಮ್ಮವ್ವಂದಿರಿಗೆ ಊರ ಬಾವಿಯ ಹಗ್ಗವನ್ನೇ ಮುಟ್ಟಗೊಡಲಿಲ್ಲ. ಬಾವಿಯ ಬದಿಗೆ ಕೊಡ ಇಟ್ಟು, ಯಾರಾದರೂ ಮೇಲಿನಿಂದ ನೀರು ಹೊಯ್ಯಲಿ ಅಂತ ಕಾದರು. ಮಹಾಡದಲ್ಲಿ 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಬೊಗಸೆಯಲ್ಲಿ ಕೆರೆ ನೀರು ಎತ್ತಿದ್ದು ನೀರಡಿಕೆಗಾಗಿ ಅಲ್ಲ ಅಂತ ನಮಗೆಲ್ಲ ಗೊತ್ತು. ವಿಜ್ಞಾನ ಕೇಂದ್ರದ ಗಡಗಡಿಯ ಹಗ್ಗ ಎಳೆಯುವ ನಮ್ಮ ಹುಡುಗಿಯನ್ನು ನೋಡಿದಾಗ ನನಗೆ ಮಹಾಡ ನೆನಪಾದರೆ ಅದು ಹೆಚ್ಚಾಯಿತು ಅನ್ನಬೇಡಿ.

ಇಷ್ಟು ಹೊತ್ತಿಗೆ ನಮ್ಮ ಸಂಘಟನೆಯ ಹಿರಿಯರೊಬ್ಬರು ತಡೆಯುತ್ತಾರೆ. "ಅಲ್ಲಪಾ, ಭೂಮಿ ಇಲ್ಲ, ಸುಡುಗಾಡಿಗೆ ಜಾಗ ಇಲ್ಲ, ಹಾಸ್ಟೆಲಿನ ಅನ್ನದಾಗ ಹುಳ ಅದಾವ, ನೀ ನೋಡಿದ್ರ ಮ್ಯೂಸಿಯಂ ಅಂತಿ?" ಅಣ್ಣನ ಮಾತು ಸುಳ್ಳಲ್ಲ. ಭೂಮಿಯ ಹೋರಾಟ ಬಿಟ್ಟು ಇದನ್ನು ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅನ್ನದಲ್ಲಿ ಹುಳ ಇದೆ ಅಂತ ಲೆನ್ಸು ಹಿಡಿದು ತೋರಿಸಿದ ಹುಡುಗ, ನೀರನ್ನು ಪರೀಕ್ಷೆ ಮಾಡಿ ಕಾಗದದ ಮೇಲೆ ಬರೆದ ಹುಡುಗ ವಾರ್ಡನ್ನಿನ ಮುಂದೆ ನಿಂತರೆ ಮಾತಿನ ತೂಕವೇ ಬೇರೆ. ಗೋಗರೆಯುವವನ ಮಾತು ಒಂದು ತೆರ, ಅಳೆದು ತೋರಿಸುವವನ ಮಾತು ಇನ್ನೊಂದು ತೆರ.

ಇನ್ನೂ ದೊಡ್ಡದೊಂದಿದೆ. ನರಗುಂದದಿಂದ ಸವದತ್ತಿ ಎಷ್ಟು ದೂರ? ಈ ಸೀಮೆಯಲ್ಲಿ ಹುಡುಗಿಯ ತಲೆಯಲ್ಲಿ ಜಟೆ ಕಂಡರೆ ಎಲ್ಲಮ್ಮ ಕರೆದಳು ಅಂದರು. ಕರೆದವಳು ಎಲ್ಲಮ್ಮ, ಮುತ್ತು ಕಟ್ಟಿದವನು ಪೂಜಾರಿ, ಉಂಡವನು ಊರ ದೊಡ್ಡವ, ಹಾಳಾದವಳು ನಮ್ಮ ಕೇರಿಯ ಮಗಳು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲಿ ಮಾಡಿತು. ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ 1986ರಲ್ಲಿ ನಮ್ಮವರು ನಿಂತು ಏಟು ತಿಂದರು. ಇವೆಲ್ಲ ಬೀದಿಯ ಹೋರಾಟ, ಆಗಲೇಬೇಕು. ಆದರೆ ಜಟೆ ಅಂದರೆ ಏನು? ಬಾಚದೆ ತೊಳೆಯದೆ ಬಿಟ್ಟ ಕೂದಲು ಎಣ್ಣೆ, ಬೆವರು, ಧೂಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡು ಗಂಟಾದದ್ದು. ಅದರ ಒಂದು ತುಣುಕನ್ನು ಮಸೂರದ ಕೆಳಗಿಟ್ಟು ಅದೇ ಹುಡುಗಿಯ ಕಣ್ಣಿಗೆ ತೋರಿಸಿ. ಅಲ್ಲಿ ಎಲ್ಲಮ್ಮ ಕಾಣುವುದಿಲ್ಲ. ಭಾಷಣದಿಂದ ಹೋಗದ ಅಂಜಿಕೆ ಆ ಒಂದು ನೋಟದಿಂದ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ. ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಗೋಡೆ ತಳ್ಳುವುದು ಸಲೀಸು.

ಹೆಣ್ಣುಮಕ್ಕಳ ಹಾಸ್ಟೆಲಿನ ಅಕ್ಕತಂಗಿಯರಿಗೆ ಒಂದು ಮಾತು. ನಮ್ಮ ಕನ್ನಡದಲ್ಲಿ 'ಮುಟ್ಟು' ಅನ್ನುವ ಶಬ್ದಕ್ಕೆ ಇನ್ನೊಂದು ಅರ್ಥ ಇದೆಯಲ್ಲ, ತಿಂಗಳಿಗೊಮ್ಮೆ ಹೊರಗೆ ಕೂಡ್ರಿಸುವ ಅರ್ಥ. ದಲಿತ ಹೆಣ್ಣುಮಗಳು ಎರಡು ಸಲ ಮುಟ್ಟಬಾರದವಳು. ಊರಿಗೆ ಹನ್ನೆರಡು ತಿಂಗಳೂ, ಮನೆಗೆ ತಿಂಗಳಲ್ಲಿ ಮೂರು ದಿನ. ವಿಜ್ಞಾನದ ಪುಸ್ತಕದಲ್ಲಿ ಆ ಪಾಠ ಬಂದಾಗ ಎಷ್ಟು ಮಾಸ್ತರರು "ಮನ್ಯಾಗ ಓದ್ಕೊಳ್ರಿ" ಅಂತ ಹಾಳೆ ತಿರುವಿದ್ದಾರೆ, ನೀವೇ ಹೇಳಿ. ಒಳಗಿನ ಅಂಗಗಳನ್ನು ಬಿಚ್ಚಿ ಜೋಡಿಸುವ ಮನುಷ್ಯ ದೇಹದ ಮಾದರಿ ಒಂದು ನಿಮ್ಮ ಹಾಸ್ಟೆಲಿನಲ್ಲಿದ್ದರೆ, ಗರ್ಭಕೋಶ ಎಲ್ಲಿದೆ, ಆ ರಕ್ತ ಎಲ್ಲಿಂದ ಬರುತ್ತದೆ, ಅದರಲ್ಲಿ ಮೈಲಿಗೆ ಯಾವ ಮೂಲೆಯಲ್ಲಿದೆ ಅಂತ ನೀವೇ ಕೈಯಿಂದ ಬಿಚ್ಚಿ ಹುಡುಕಬಹುದು. ಯಾವ ಮಾಸ್ತರನೂ ಬೇಕಿಲ್ಲ.

ಸಂವಿಧಾನಕ್ಕೆ 1976ರಲ್ಲಿ ಸೇರಿದ 51ಎ ಕಲಂ, ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಬುದ್ಧಿ ಬೆಳೆಸಿಕೊಳ್ಳುವುದು ಪ್ರಜೆಗಳ ಕರ್ತವ್ಯ ಅನ್ನುತ್ತದೆ. ಒಳ್ಳೆಯದು. ನಮಗೆ ಕರ್ತವ್ಯ ಹೇಳಿದವರು ಒಂದು ಲೆನ್ಸು, ಒಂದು ಅಯಸ್ಕಾಂತ ಕೊಡುವ ತಮ್ಮ ಕರ್ತವ್ಯ ಯಾವ ಕಲಮಿನಲ್ಲಿ ಬರೆದಿದ್ದಾರೆ? ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ತನಿಖೆ ಮಾಡುವ ಸಮಿತಿ ಮಾಡಿದರು. ಬಡ ಹುಡುಗನಾಗಿ ಓದಲು ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದು ಬಂದವರು ಅವರು. ಕುಲಪತಿ ಆದಮೇಲೂ ಕಾಲೇಜಿನ ಹಾಸ್ಟೆಲಿನ ಕೋಣೆ ಬಿಡಲಿಲ್ಲ. ಬಾಬಾಗಳಿಗೆ ಪ್ರಶ್ನೆ ಹಾಕಿದವರು ಹಾಸ್ಟೆಲು ಕೋಣೆಯಿಂದಲೇ ಹಾಕಿದರು.

ಹಾಸ್ಟೆಲು ಅಂದಾಗ ಮೇಘನಾದ ಸಹಾ ನೆನಪಾಗುತ್ತಾರೆ. ಪೂರ್ವ ಬಂಗಾಳದ ಹಳ್ಳಿಯ ಸಣ್ಣ ಅಂಗಡಿಕಾರನ ಮಗ. 1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು ಈಡನ್ ಹಿಂದೂ ಹಾಸ್ಟೆಲು ಸೇರಿದರು. ಅವರು ನಮ್ಮ ಹಾಗೆ ಅಸ್ಪೃಶ್ಯ ಜಾತಿಯವರಲ್ಲ, ಆದರೂ ಅವರ ಜಾತಿ ಕೀಳು ಅಂತ ಮೇಲ್ಜಾತಿಯ ಹುಡುಗರು ಅವರ ಜೊತೆ ಉಣ್ಣಲು ತಕರಾರು ತೆಗೆದರು. ಒಂದೇ ಪಂಕ್ತಿಯಲ್ಲಿ ಕೂಡಗೊಡದ ಆ ಹುಡುಗ 1920ರಲ್ಲಿ ಬರೆದ ಸಮೀಕರಣದಿಂದ, ನಕ್ಷತ್ರದ ಬೆಳಕು ನೋಡಿ ಅದರ ಬಿಸಿ ಎಷ್ಟು, ಒಳಗಿನ ಧಾತುಗಳ ಸ್ಥಿತಿ ಏನು ಅಂತ ಲೆಕ್ಕ ಹಾಕಲು ಬಂತು. ಅವನ ತಾಟು ಮುಟ್ಟಲು ಹೇಸಿದವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ.

ಇಷ್ಟು ಹೊಗಳಿದ ಮೇಲೆ ಬೈಯುವುದನ್ನೂ ಬೈಯಬೇಕು.

ಮೊದಲು ದೂರ. ಶಿರೋಳದಿಂದ ನರಗುಂದಕ್ಕೆ ಒಂದು ಬಸ್ಸು. ಅಲ್ಲಿಂದ ನವಲಗುಂದದ ಮೇಲೆ ಹುಬ್ಬಳ್ಳಿ, ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡ. ಕೂಲಿ ಮಾಡುವ ಅವ್ವ ಒಂದು ದಿನದ ಪಗಾರ ಬಿಟ್ಟು, ಎರಡು ಮಕ್ಕಳ ಚಾರ್ಜು ಕೊಟ್ಟು, ಟಿಕೀಟು ತೆಗೆಸಿ ಲೋಲಕ ತೋರಿಸಲು ಬರುತ್ತಾಳೆಯೇ? ಬಂದರೆ ಶಾಲೆಯ ಪ್ರವಾಸದಲ್ಲಿ ಬರಬೇಕು. ಆ ಪ್ರವಾಸ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಮುಂಜಾನೆ ಒಂದು ಗುಡಿ, ಮಧ್ಯಾಹ್ನ ಇನ್ನೊಂದು ಗುಡಿ, ನಡುವೆ ಅರ್ಧ ತಾಸು ವಿಜ್ಞಾನ. "ನಡೀರಿ ನಡೀರಿ, ಬಸ್ಸಿಗೆ ಹೊತ್ತಾತು." ಮುನ್ನೂರು ಹುಡುಗರು ಮುನ್ನೂರು ಗುಂಡಿ ಒತ್ತಿ ಹೊರಗೆ ಬರುತ್ತಾರೆ. ಗುಂಡಿ ಒತ್ತುವುದು ಬೇರೆ, ಮುಟ್ಟುವುದು ಬೇರೆ. ಗುಡಿಯ ಗಂಟೆ ಹೊಡೆದು ಬಂದ ಹಾಗೆ ಯಂತ್ರದ ಗುಂಡಿ ಒತ್ತಿ ಬಂದರೆ ಅದೂ ಒಂದು ದರ್ಶನವೇ. ಪರಿಶಿಷ್ಟರ ಮಕ್ಕಳಿಗೆ ಸರ್ಕಾರ ಮಾಡಿಸಿದ ಪ್ರವಾಸಕ್ಕೆ 'ಕರ್ನಾಟಕ ದರ್ಶನ' ಅಂತಲೇ ಹೆಸರಿಟ್ಟರು. ನಮಗೆ ದರ್ಶನ ಸಾಕಾಗಿದೆ. ಹೊರಗೆ ನಿಂತು ದರ್ಶನ ಮಾಡಿಯೇ ಇಷ್ಟು ತಲೆಮಾರು ಕಳೆದಿದ್ದೇವೆ.

ಎರಡನೆಯದು, ಆ ಕಟ್ಟಡಗಳ ಒಳಗೆ ನಾವು ಎಲ್ಲಿದ್ದೇವೆ? ಶಬ್ದದ ಪಾಠಕ್ಕೆ ಸಿತಾರಿನ ತಂತಿ ಇಡುತ್ತಾರೆ, ವೀಣೆ ಇಡುತ್ತಾರೆ. ಹಲಗಿ ಯಾಕಿಲ್ಲ? ಹಲಗಿ ಬಾರಿಸುವ ಮೊದಲು ನಮ್ಮ ಕಾಕಾ ಹುಲ್ಲಿನ ಬೆಂಕಿ ಹಾಕಿ ಕಾಸುತ್ತಾನೆ. ಯಾಕೆ? ಚರ್ಮದಲ್ಲಿರುವ ಪಸೆ ಬಿಸಿಗೆ ಹೋಗುತ್ತದೆ, ಚರ್ಮ ಕುಗ್ಗಿ ಬಿಗಿಯುತ್ತದೆ. ಬಿಗಿದಷ್ಟೂ ಸೆಕೆಂಡಿಗೆ ಹೆಚ್ಚು ಸಲ ಅದುರುತ್ತದೆ, ದನಿ ಏರುತ್ತದೆ. ಮಳೆಗಾಲದಲ್ಲಿ ಚರ್ಮ ಪಸೆ ಕುಡಿದು ಸಡಿಲಾಗಿ ಬದ್ ಬದ್ ಅನ್ನುತ್ತದೆ, ಮತ್ತೆ ಕಾಸಬೇಕು. ಒಂದು ಹಿಡಿ ಜೋಳ ಅದರ ಮೇಲೆ ಹಾಕಿ ಬಾರಿಸಿ, ಕಾಳು ಕುಣಿಯುವುದು ಕಾಣುತ್ತದೆ. ಅಲೆ, ಆವರ್ತಾಂಕ, ಬಿಗಿತ – ಮೂರೂ ಪಾಠ ಒಂದೇ ಹಲಗಿಯ ಮೇಲಿದೆ. ಹಾಗೆಯೇ ಚರ್ಮ ಹದ ಮಾಡುವುದು. ಹಸಿ ಚರ್ಮ ಎರಡು ದಿನಕ್ಕೆ ಕೊಳೆಯುತ್ತದೆ. ಸುಣ್ಣದ ನೀರಿನಲ್ಲಿ ಹಾಕಿ ಕೂದಲು ತೆಗೆದು, ತಂಗಡಿ ತೊಗಟೆಯ ನೀರಿನಲ್ಲಿ ನೆನೆಹಾಕಿದರೆ ತೊಗಟೆಯ ಒಗರು ಚರ್ಮದ ನಾರಿಗೆ ಕಚ್ಚಿಕೊಂಡು ಅದು ವರ್ಷಗಟ್ಟಲೆ ಬಾಳುವ ತೊಗಲಾಗುತ್ತದೆ. ಟ್ಯಾನಿನ್ ಅನ್ನುವ ಶಬ್ದ ಗೊತ್ತಿಲ್ಲದ ಮುತ್ಯಾನ ಕೈಗೆ ಆ ರಸಾಯನಶಾಸ್ತ್ರ ಗೊತ್ತಿತ್ತು. ಮೂಗು ಮುಚ್ಚಿಕೊಂಡು ಕೇರಿ ದಾಟಿದವರು ಅವನೇ ಹೊಲಿದ ಚಪ್ಪಲಿ ಮೆಟ್ಟಿ ಕಾಲೇಜಿಗೆ ಹೋಗಿ ಕೆಮಿಸ್ಟ್ರಿ ಓದಿ ಬಂದರು.

ಇಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ. ಹಲಗಿ ಬಾರಿಸುವ ಬಿಟ್ಟಿ ಚಾಕರಿ ಬಿಡಿ, ಸತ್ತ ದನ ಎಳೆಯುವುದು ಬಿಡಿ ಅಂತ ನಾವೇ ಊರೂರಿಗೆ ಹೇಳಿದ್ದೇವೆ, ಇನ್ನೂ ಹೇಳುತ್ತೇವೆ. ನಮ್ಮ ಹುಡುಗ ಮತ್ತೆ ಹಲಗಿ ಕೊರಳಿಗೆ ಹಾಕಿಕೊಂಡು ಗೌಡರ ಹೆಣದ ಮುಂದೆ ನಡೆಯಲಿ ಅಂತ ನಾನು ಹೇಳಿದರೆ ನನ್ನ ಕಪಾಳಕ್ಕೆ ಹೊಡೆಯಿರಿ. ಕಸುಬಿನ ಜೊತೆ ಕಟ್ಟಿದ ಅವಮಾನ ಬಿಡಬೇಕು, ಕಸುಬಿನ ಒಳಗಿದ್ದ ತಿಳಿವಳಿಕೆ ಬಿಡಬಾರದು. ಇವೆರಡನ್ನು ಬಿಡಿಸುವುದು ಕಷ್ಟ ಅಂತ ನನಗೂ ಗೊತ್ತು. ನಮ್ಮಲ್ಲೇ ಇದರ ಬಗ್ಗೆ ಜಗಳ ಇದೆ, ಇರಲಿ. ಆದರೆ ಸರ್ಕಾರದ ಮ್ಯೂಸಿಯಂ ಹಲಗಿಯನ್ನು ಹೊರಗಿಡುವುದು ನಮ್ಮ ಸ್ವಾಭಿಮಾನ ಕಾಯಲು ಅಲ್ಲ, ಅದು ನೆನಪಾಗದೆ ಇರುವುದರಿಂದ.

ಮತ್ತೆ, ನಮ್ಮ ಶಾಲೆಗಳು. ನಾನು ಓದಿದ ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು, ಮೇಲೆ 'ವಿಜ್ಞಾನ ಉಪಕರಣ' ಅಂತ ಬಿಳಿ ಬಣ್ಣದಲ್ಲಿ ಬರೆದಿತ್ತು. ಮೂರು ವರ್ಷದಲ್ಲಿ ಅದನ್ನು ಎರಡು ಸಲ ತೆರೆದದ್ದು ನೋಡಿದ್ದೇನೆ, ಎರಡೂ ಸಲ ಇನ್ಸ್‌ಪೆಕ್ಟರು ಬಂದಾಗ. ಒಡೆದರೆ ಪಗಾರದಾಗ ಹಿಡಿತಾರ ಅಂತ ಮಾಸ್ತರಿಗೆ ಹೆದರಿಕೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ರಾಜ್ಯವೆಲ್ಲ ಹೊತ್ತಿಕೊಂಡಿತು, ನಮ್ಮ ಹಾಸ್ಟೆಲು ಹುಡುಗರು ಏಟು ತಿಂದರು. ಬೀಗ ಹಾಕಿದ ಕಪಾಟಿನ ಎದುರು ಬಾಯಿಪಾಠ ಮಾಡಿಸುವ ವಿಜ್ಞಾನವೂ ಬೂಸಾ ಅಂತ ನಾನು ಅಂದರೆ ಒಬ್ಬನೂ ಕಲ್ಲು ಎತ್ತುವುದಿಲ್ಲ. ಅದು ಯಾರಿಗೂ ಬೇಕಾಗಿಲ್ಲ ನೋಡಿ!

ಹಳ್ಳಿ ಶಾಲೆಯಲ್ಲಿ ಇದು ಆಗುವುದಿಲ್ಲ ಅನ್ನುವವರಿಗೆ ಹೋಶಂಗಾಬಾದ್ ತೋರಿಸಬೇಕು. ಮಧ್ಯಪ್ರದೇಶದ ಆ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಪಾಠ ಓದುವುದಲ್ಲ, ಮಕ್ಕಳು ನಾಲ್ಕು ನಾಲ್ಕು ಜನ ಕೂತು ಕಡಿಮೆ ಬೆಲೆಯ ಸಾಮಾನಿನಿಂದ ಪ್ರಯೋಗ ಮಾಡಿ ತಾವೇ ಉತ್ತರ ಬರೆಯುವುದು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದು, ಯಾಕೆಂದರೆ ಕೇಳುವುದು ಬಾಯಿಪಾಠವನ್ನಲ್ಲ. ಸರ್ಕಾರಿ ಶಾಲೆ, ಸರ್ಕಾರಿ ಮಾಸ್ತರು, ಹಳ್ಳಿಯ ಮಕ್ಕಳು. ಅದು ಹಬ್ಬಿ ಸಾವಿರದಷ್ಟು ಶಾಲೆಗೆ ಹೋಯಿತು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದನ್ನು ಆಗುವುದಿಲ್ಲ ಅನ್ನಲು ಬರುವುದಿಲ್ಲ. ನಿಲ್ಲಿಸಿದರು ಅನ್ನಬೇಕು.

ಹಾಗಾದರೆ ನಾವು ಏನು ಕೇಳಬೇಕು? ಗದಗಕ್ಕೆ ಇನ್ನೊಂದು ಗಾಜಿನ ಕಟ್ಟಡ ಕೊಡಿ ಅಂತ ಕೇಳುವುದು ಸುಲಭ. ಕಲ್ಲು ಹಾಕುತ್ತಾರೆ, ಹೆಸರು ಕೆತ್ತುತ್ತಾರೆ. ನನ್ನ ಬೇಡಿಕೆ ಸಣ್ಣದು. ಬೆಂಗಳೂರಿನ ಮ್ಯೂಸಿಯಂ ಸಂಚಾರಿ ಪ್ರದರ್ಶನದ ಬಸ್ಸುಗಳನ್ನು ಹಳ್ಳಿ ಶಾಲೆಗಳಿಗೆ ಕಳಿಸುತ್ತ ಬಂದಿದೆ. ಆ ಬಸ್ಸು ನಮ್ಮ ಸೀಮೆಗೆ ಬರಲಿ, ಬಂದರೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನಾವು ಹೇಳಬೇಕು. ದೊಡ್ಡ ಊರಿನ ಗುಡಿಯ ಮುಂದಿನ ಬಯಲಿನಲ್ಲಿ ನಿಂತರೆ ನಮ್ಮ ಹುಡುಗಿಯರು ಸಾಲಿನ ಕೊನೆಗೆ ನಿಲ್ಲುತ್ತಾರೆ. ಹಾಸ್ಟೆಲಿನ ಅಂಗಳದಲ್ಲಿ ನಿಲ್ಲಲಿ, ಒಂದು ದಿನ ಅಲ್ಲ, ಮೂರು ದಿನ. ಊರಿನ ಮಕ್ಕಳು ಬೇಕಾದರೆ ಅಲ್ಲಿಗೆ ಬಂದು ನೋಡಲಿ, ನಾವು ಯಾರನ್ನೂ ಮುಟ್ಟಬೇಡ ಅನ್ನುವುದಿಲ್ಲ. ಶಿರೋಳದ ರೊಟ್ಟಿ ಜಾತ್ರೆ ಜಾತಿ ನೋಡದೆ ಕೂತು ಉಣ್ಣುವ ಜಾತ್ರೆ ಅಂತ ಹೆಸರಾಗಿದೆ. ಸಾವಿರಾರು ಮಂದಿ ಬರುವ ಅಲ್ಲಿಯೇ ಒಂದು ಮಳಿಗೆ ವಿಜ್ಞಾನಕ್ಕೆ ಯಾಕೆ ಇರಬಾರದು? ರೊಟ್ಟಿ ತಿಂದ ಕೈ ತೊಳೆದುಕೊಂಡು ಬಂದು ಹಿಡಿಕೆ ತಿರುವಲಿ.

ಹಣ ಎಲ್ಲಿದೆ ಅಂತ ಕೇಳುತ್ತಾರೆ. 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ಇದೆ. ಜನಸಂಖ್ಯೆಗೆ ತಕ್ಕ ಪಾಲು, ಪರಿಶಿಷ್ಟ ಜಾತಿಗೆ ಶೇಕಡಾ 17.15, ಪಂಗಡಕ್ಕೆ 6.95 ಅಂತ ಲೆಕ್ಕ ಹಾಕಿಟ್ಟದ್ದು. ಆ ಹಣ ಎಲ್ಲೆಲ್ಲಿಗೆ ಹರಿಯಿತು ಅನ್ನುವ ಜಗಳ ನಮಗೆ ಹೊಸದಲ್ಲ. ಅದರಲ್ಲಿ ಪ್ರತಿ ಹಾಸ್ಟೆಲಿಗೆ ಬೀಗ ಇಲ್ಲದ ಒಂದು ಕೋಣೆ ಕೇಳೋಣ. ಒಂದು ಸೂಕ್ಷ್ಮದರ್ಶಕ, ಒಂದು ದೇಹದ ಮಾದರಿ, ನಾಲ್ಕು ಲೆನ್ಸು, ತಂತಿ, ಅಯಸ್ಕಾಂತ. ಜೊತೆಗೆ ಒಂದು ಆದೇಶ: ಒಡೆದರೆ ಯಾರ ಪಗಾರದಲ್ಲೂ ಹಿಡಿಯತಕ್ಕದ್ದಲ್ಲ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಒಡೆಯುವ ಹಕ್ಕಿಲ್ಲದೆ ಮುಟ್ಟುವ ಹಕ್ಕು ಸಿಗುವುದಿಲ್ಲ.

ಕೊಡುವ ತನಕ ಕೂಡ್ರುವುದು ಬೇಡ. ಗುಜರಿ ಅಂಗಡಿಯಲ್ಲಿ ಹಳೆಯ ಸೈಕಲ್ಲಿನ ಡೈನಮೊ ಸಿಗುತ್ತದೆ. ಸುಟ್ಟ ಸ್ಪೀಕರಿನ ಹಿಂದೆ ಒಳ್ಳೆ ಅಯಸ್ಕಾಂತ ಇರುತ್ತದೆ. ಸಣ್ಣ ತಂತಿಯ ತುದಿ ಬಳೆಯಂತೆ ಬಗ್ಗಿಸಿ ಅದರಲ್ಲಿ ಒಂದು ಹನಿ ನೀರು ನಿಲ್ಲಿಸಿದರೆ ಅದೇ ಲೆನ್ಸು, ಇರುವೆಯ ಕಾಲು ಕಾಣುತ್ತದೆ. ಹಲಗಿ ಮನೆಯಲ್ಲಿದ್ದರೆ ತನ್ನಿ, ಹೆಗಲಿಗೆ ಹಾಕಿಕೊಂಡು ಅಲ್ಲ, ಮೇಜಿನ ಮೇಲೆ ಇಡಲು. ನರಗುಂದ, ರೋಣ, ಗಜೇಂದ್ರಗಡದ ಹಾಸ್ಟೆಲುಗಳಲ್ಲಿ ಇರುವವರು ಬರುವ ಸಭೆಗೆ ಒಂದೊಂದು ಸಾಮಾನು ಹಿಡಿದುಕೊಂಡು ಬನ್ನಿ. ಎರಡು ಗಡಗಡಿ, ಇಪ್ಪತ್ತು ಮೊಳ ಹಗ್ಗ ನನ್ನ ಹತ್ತಿರ ಇವೆ. ಆ ಶಿರೋಳದ ಹುಡುಗ ಡೈನಮೊ ಹುಡುಕುತ್ತಿದ್ದಾನೆ. ಯಾರ ಮನೆಯಲ್ಲಾದರೂ ಮುರಿದ ಸೈಕಲ್ಲು ಇದ್ದರೆ ಅವನಿಗೆ ತಿಳಿಸಿ.

ಜೈ ಭೀಮ್.